ಇಲಸ್ಟ್ರೇಟರ್ ಕಲಿಯಲಾ, ಕ್ಲೋ 3ಡಿ ಕಲಿಯಲಾ ಅಂತ ಕೇಳಿದವರಿಗೆ

ಹೊಲಿಗೆ ಬರುತ್ತೆ, ಕಂಪ್ಯೂಟರ್ ಅಷ್ಟಕ್ಕಷ್ಟೇ, ಬಟ್ಟೆ ಡಿಸೈನ್ ಮಾಡಲು ಚಿತ್ರ ಬರೆಯುವ ಸಾಫ್ಟ್‌ವೇರ್ ಇಲಸ್ಟ್ರೇಟರ್ ಕಲಿಯಲಾ, ಪರದೆಯ ಮೇಲೆ ಗೊಂಬೆಗೆ ಬಟ್ಟೆ ತೊಡಿಸಿ ತೋರಿಸುವ ಕ್ಲೋ 3ಡಿ ಕಲಿಯಲಾ, 85 ಸಾವಿರ ರೂಪಾಯಿಯ ಆರು ತಿಂಗಳ ಕೋರ್ಸಿಗೆ ಸೇರಲಾ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಸಿಕ್ಕಸಿಕ್ಕವರನ್ನು ಕೇಳಿದ್ದೆ. ಯಾರೂ ಬೇಡ ಅನ್ನಲಿಲ್ಲ. ಸೇರಿದೆ.

ನಮ್ಮಮ್ಮ ರಾಣೆಬೆನ್ನೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ನನಗೆ ಆ ಚಾಕ್ ಪೀಸು, ಪೇಪರ್ ಕಟಿಂಗು ಯಾವುದೂ ಬೇಡವಾಗಿತ್ತು. ಕೋರ್ಸಿನ ಮೊದಲ ವಾರ ಪರದೆಯ ಮೇಲಿನ ಗೊಂಬೆಗೆ ಕುರ್ತಾದ ಮುಂಭಾಗ, ಹಿಂಭಾಗ ಜೋಡಿಸಿ ಒಂದು ಬಟನ್ ಒತ್ತಿದಾಗ ಬಟ್ಟೆ ಮೈಮೇಲೆ ಇಳಿದು ನೆರಿಗೆ ಬಿತ್ತು ನೋಡಿ, ಅವತ್ತಿಗೆ ನನ್ನ ತಲೆ ಕೆಟ್ಟಿತು. ಇನ್ನು ಸ್ಯಾಂಪಲ್ ಹೊಲಿಯುವ ಕಾಲ ಮುಗಿಯಿತು ಅಂದುಕೊಂಡೆ.

ಮರುವರ್ಷ ಬೆಂಗಳೂರಿನ ಒಂದು ಬುಟೀಕಿನಿಂದ 120 ಕಾಟನ್ ಕುರ್ತಾಗಳ ಆರ್ಡರ್ ಸಿಕ್ಕಿತು. ಪ್ಯಾಟರ್ನನ್ನು, ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಅಚ್ಚನ್ನು, ಕ್ಲೋದಲ್ಲೇ ಮಾಡಿದೆ. ಗೊಂಬೆಗೆ ಹಾಕಿ ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ, ಬುಟೀಕಿನವರಿಗೂ ಅದೇ ಚಿತ್ರ ಕಳಿಸಿದೆ, ಅವರೂ ಒಪ್ಪಿದರು. ಫೈಲನ್ನು ಡಿಎಕ್ಸ್ಎಫ್ (ಪ್ಯಾಟರ್ನಿನ ಗೆರೆಗಳನ್ನು ಬೇರೆ ಕಡೆ ಒಯ್ಯುವ ಫೈಲ್) ಮಾಡಿ, ದೊಡ್ಡ ಕಾಗದದಲ್ಲಿ ಪ್ರಿಂಟ್ ತೆಗೆಯುವ ಬೊಮ್ಮನಹಳ್ಳಿಯ ಒಂದು ಪ್ಲಾಟರ್ ಅಂಗಡಿಗೆ ಕೊಟ್ಟೆ. ಅವರು ಕಾಗದದಲ್ಲಿ ತೆಗೆದುಕೊಟ್ಟದ್ದನ್ನು ಕಟಿಂಗ್ ಮಾಸ್ಟರಿಗೆ ದಾಟಿಸಿದೆ.

ಇಲ್ಲೇ ನಾನು ಕೆಟ್ಟಿದ್ದು. ಸ್ವಲ್ಪ ಉದ್ದವಾಗುತ್ತೆ, ಆದರೂ ಓದಿ.

ಪ್ಯಾಟರ್ನಿಗೆ ಎರಡು ಗೆರೆ ಇರುತ್ತವೆ. ಒಳಗಿನದು ಹೊಲಿಗೆ ಬೀಳುವ ಗೆರೆ, ಹೊರಗಿನದು ಕತ್ತರಿ ಓಡುವ ಗೆರೆ, ನಡುವಿನದು ಮಾರ್ಜಿನ್. ಗಾರ್ಮೆಂಟ್ ಲೈನಿನ ಡಿಎಕ್ಸ್ಎಫ್ ಫೈಲಿನಲ್ಲಿ ಈ ಗೆರೆಗಳು ಬೇರೆ ಬೇರೆ ಪದರದಲ್ಲಿ ಕೂರುತ್ತವೆ: ಕತ್ತರಿ ಗೆರೆ 1ನೇ ಪದರದಲ್ಲಿ, ಹೊಲಿಗೆ ಗೆರೆ 14ನೇ ಪದರದಲ್ಲಿ. ಫೈಲ್ ಹೊರತೆಗೆಯುವಾಗ ಈ ಎರಡನ್ನೂ ಅದಲುಬದಲು ಮಾಡುವ ಒಂದು ಆಯ್ಕೆ ಇದೆ. ನಾನು ಆ ಕಿಟಕಿಯನ್ನು ಓದದೇ ಓಕೆ ಒತ್ತಿದೆ. ಹೊಲಿಗೆ ಗೆರೆ 1ಕ್ಕೆ ಹೋಯಿತು. ಪ್ಲಾಟರಿನವರು 1ನೇ ಪದರವನ್ನಷ್ಟೇ ಪ್ರಿಂಟ್ ಹಾಕುವವರು, ಹಾಕಿದರು. ಅವರದ್ದೇನು ತಪ್ಪು? ಮಾಸ್ಟರು ಮಾರ್ಜಿನ್ ಸೇರಿಸಿಯೇ ಕೊಟ್ಟಿದ್ದಾರೆ ಅಂದುಕೊಂಡು ಆ ಗೆರೆಯ ಮೇಲೇ ಕತ್ತರಿಸಿದರು. ಅವರದ್ದೂ ತಪ್ಪಲ್ಲ, ಹಾಗಂತ ಹೇಳಿದ್ದೇ ನಾನು.

ಲೆಕ್ಕ ನೋಡಿ. ಪಕ್ಕದ ಹೊಲಿಗೆಗೆ ಅರ್ಧ ಇಂಚು ಮಾರ್ಜಿನ್, ಅಂದರೆ ಕತ್ತರಿಸಿದ ಅಂಚಿನಿಂದ ಅಷ್ಟು ಒಳಗೆ ಹೊಲಿಗೆ ಬಿತ್ತು. ಮುಂಭಾಗಕ್ಕೆ ಎರಡು ಅಂಚು, ಹಿಂಭಾಗಕ್ಕೆ ಎರಡು, ಒಟ್ಟು ನಾಲ್ಕು. ನಾಲ್ಕು ಅರ್ಧ ಅಂದರೆ ಎರಡು ಇಂಚು, ಅಂದರೆ ಸರಿಯಾಗಿ ಒಂದು ಸೈಜು. ಲೇಬಲ್ಲಿನಲ್ಲಿ 'ಎಲ್', ಒಳಗೆ 'ಎಂ'. ಕುತ್ತಿಗೆ ಮಾತ್ರ ಉಲ್ಟಾ. ಅಲ್ಲಿ ಹೊಲಿಗೆ ಒಳಗೆ ಸರಿದಷ್ಟೂ ತೂತು ದೊಡ್ಡದಾಗುತ್ತೆ. ಹಾಗಾಗಿ ಎದೆಗೆ ಬಿಗಿ, ಭುಜದಲ್ಲಿ ಜಾರುವ ಕುರ್ತಾಗಳು ತಯಾರಾದವು.

ಹೊಲಿಯುವವರಿಗೆ ಯಾಕೆ ಗೊತ್ತಾಗಲಿಲ್ಲ ಅಂತೀರಾ? ತುಂಡುಗಳು ಒಂದಕ್ಕೊಂದು ಚೆನ್ನಾಗಿಯೇ ಕೂತವಲ್ಲ! ಹೊಲಿಗೆ ಗೆರೆಯ ಮೇಲೇ ಕತ್ತರಿಸಿದ್ದರಿಂದ ಅಂಚಿಗೆ ಅಂಚು ತಾಳೆಯಾಯಿತು. ತೋಳು ಆರ್ಮ್‌ಹೋಲಿಗೆ ಒಂದು ಎಳೆ ಹೆಚ್ಚುಕಡಿಮೆ ಇಲ್ಲದೆ ಸೇರಿತು. ಎಲ್ಲೋ ಒಂದು ಕಡೆ ಬಟ್ಟೆ ಕಮ್ಮಿ ಬಿದ್ದಿದ್ದರೆ ಯಾರಾದರೂ ಕೂಗುತ್ತಿದ್ದರು. ಎಲ್ಲ ಕಡೆಯೂ ಒಂದೇ ಲೆಕ್ಕದಲ್ಲಿ ಕಮ್ಮಿಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬುಟೀಕಿನವರು ಇಟ್ಟುಕೊಳ್ಳಲಿಲ್ಲ. ವಾಪಸ್ ಬಂದ ಮೂಟೆ ಬಿಚ್ಚಿ ಕೂತಿದ್ದಾಗ ಮಾಸ್ಟರು ಬಂದು ಕೇಳಿದ್ದು ಒಂದೇ ಮಾತು: "ಮೇಡಂ, ಪೇಪರಿನ ಮೇಲೆ ಒಂದ್ಸಲ ಟೇಪ್ ಹಿಡಿದಿದ್ರಾ?" ಹಿಡಿದಿರಲಿಲ್ಲ. ಎದೆಯ ಕಾಲುಭಾಗ ಅಳೆದು ಮಾರ್ಜಿನ್ ಕಳೆದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಮೀಟರಿಗೆ 210ರಂತೆ 270 ಮೀಟರ್ ಬಟ್ಟೆ, 56,700 ರೂಪಾಯಿ. ಹೊಲಿಗೆ ಕೂಲಿ 18,000. ಕೋರಾ ಬಟ್ಟೆಯಲ್ಲಿ ಒಂದೇ ಒಂದು ಸ್ಯಾಂಪಲ್ ಹೊಲಿದಿದ್ದರೆ ಮುನ್ನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಅಮ್ಮ ಬೈಯಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ, ತೋಳಿನ ಕೆಳಗಿನಿಂದ ಸೈಡ್ ಕಟ್‌ವರೆಗೆ ಗುಳೇದಗುಡ್ಡದ ಖಣದ ಪಟ್ಟಿ ಕೂರಿಸಿ, ಕುತ್ತಿಗೆಗೂ ಅದೇ ಖಣ ಹಚ್ಚಿ, ಓಣಿಯ ಇಬ್ಬರನ್ನು ಕೂರಿಸಿಕೊಂಡು ನಲವತ್ತು ಕುರ್ತಾ ಉಳಿಸಿದರು. ಅವು ಮಾರಾಟವಾದವು. ಡಿಸೈನ್ ಚೆನ್ನಾಗಿದೆ ಅಂತ ಇಬ್ಬರು ಹೇಳಿದರು ಕೂಡ, ನಾನು ಸುಮ್ಮನಿದ್ದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಅವೆರಡೂ ಒಂದೇ ಕೆಲಸದ ಎರಡು ಸಾಫ್ಟ್‌ವೇರ್ ಅಲ್ಲ. ಇಲಸ್ಟ್ರೇಟರ್ ಇರುವುದು ಫ್ಲಾಟ್ ಸ್ಕೆಚ್ ಬರೆಯಲು, ಟೆಕ್ ಪ್ಯಾಕ್ ಮಾಡಲು, ಅಂದರೆ ನಿಮ್ಮ ಮನಸ್ಸಿನಲ್ಲಿರುವುದನ್ನು ಹೊಲಿಯುವವರಿಗೆ ಅಳತೆ ಸಮೇತ ತಿಳಿಸಲು. ಕ್ಲೋ ಇರುವುದು ಬಟ್ಟೆ ಮೈಮೇಲೆ ಹೇಗೆ ಕೂರುತ್ತೆ ಅಂತ ಅಂದಾಜು ಮಾಡಲು. ಅದೂ ಅಂದಾಜೇ, ಅದರಲ್ಲಿರುವ 'ಕಾಟನ್' ನಿಮ್ಮ ಅಂಗಡಿಯ ಕಾಟನ್ ಅಲ್ಲ, ಒಗೆದ ಮೇಲೆ ಹಾಸಿನಲ್ಲಿ ಎಷ್ಟು ಕುಗ್ಗುತ್ತೆ, ಹೊಕ್ಕಿನಲ್ಲಿ ಎಷ್ಟು ಅನ್ನುವುದನ್ನು ನೀವೇ ಒಗೆದು ಅಳೆದು ತುಂಬಬೇಕು. ಗಾರ್ಮೆಂಟ್ ಫ್ಯಾಕ್ಟರಿಯ ಪ್ಯಾಟರ್ನ್ ರೂಮಿನಲ್ಲಿ ಕೆಲಸ ಬೇಕೆಂದರೆ ಎರಡೂ ಅಲ್ಲ, ಗರ್ಬರ್ ಅಕ್ಯುಮಾರ್ಕ್ ಅಥವಾ ಲೆಕ್ಟ್ರಾ ಮೊಡಾರಿಸ್ ತರಹದ ಪ್ಯಾಟರ್ನ್ ಸಾಫ್ಟ್‌ವೇರ್ ಕಲಿಯಬೇಕು. ಗರ್ಬರ್ ಮೇಲಾ ಲೆಕ್ಟ್ರಾ ಮೇಲಾ ಅಂತ ಜಗಳ ಆಡುವವರು ಸಿಗುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. 2021ರಲ್ಲಿ ಲೆಕ್ಟ್ರಾದವರೇ ಗರ್ಬರನ್ನು ಕೊಂಡುಕೊಂಡರು.

85 ಸಾವಿರ ಕೊಡಬೇಡಿ, ಸದ್ಯಕ್ಕಂತೂ ಬೇಡವೇ ಬೇಡ. ಆರು ತಿಂಗಳಲ್ಲಿ ನನಗೆ ಯಾವ ಬಟನ್ ಎಲ್ಲಿದೆ ಅಂತ ಹೇಳಿಕೊಟ್ಟರೇ ಹೊರತು, ಬಂದದ್ದನ್ನು ಅಳೆದು ನೋಡು ಅಂತ ಒಂದು ದಿನವೂ ಹೇಳಲಿಲ್ಲ. ಇಲಸ್ಟ್ರೇಟರನ್ನೂ ಈಗಲೇ ಹಾಕಿಸಬೇಡಿ. ಅಡೋಬ್ 2013ರಿಂದ ಹೊಸ ಆವೃತ್ತಿಗಳನ್ನು ಬಾಡಿಗೆಗಷ್ಟೇ ಕೊಡುತ್ತೆ, ನೀವು ಕಲಿತರೂ ಬಿಟ್ಟರೂ ತಿಂಗಳು ತಿಂಗಳು ದುಡ್ಡು ಹೋಗುತ್ತಿರುತ್ತೆ. ಇಂಕ್‌ಸ್ಕೇಪ್ ಪುಕ್ಕಟೆ, ಫ್ಲಾಟ್ ಸ್ಕೆಚ್ಚಿಗೆ ಧಾರಾಳವಾಗಿ ಸಾಕು. ಪ್ಯಾಟರ್ನಿಗೆ ಸೀಮ್ಲಿ2ಡಿ ಅಂತ ಇದೆ, ಅದೂ ಪುಕ್ಕಟೆಯೇ. ಗ್ರಾಫಿಕ್ಸ್ ಕಾರ್ಡಿನ ಲ್ಯಾಪ್‌ಟಾಪ್ ಕೊಳ್ಳುವ ಮಾತು ಕ್ಲೋ ಹಿಡಿಯುವ ದಿನಕ್ಕಿರಲಿ. ಹೊಲಿಗೆ ಗೊತ್ತಿದೆ ಅಂದಿರಲ್ಲ, ಅದನ್ನು ಸಣ್ಣದು ಅಂದುಕೊಳ್ಳಬೇಡಿ. ನನ್ನ ಬ್ಯಾಚಿನಲ್ಲಿ ಪರದೆ ಮೇಲೆ ಕೋಟು ತೇಲಿಸುತ್ತಿದ್ದ ಅರ್ಧ ಜನಕ್ಕೆ ಟಕ್ಸ್ ಯಾಕೆ ಹಾಕುತ್ತಾರೆ ಅಂತಲೇ ಗೊತ್ತಿರಲಿಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮಗೆ ಚೆನ್ನಾಗಿ ಕೂರುವ ಹಳೇ ಬ್ಲೌಸ್ ಒಂದನ್ನು ಬಿಚ್ಚಿ ಅಳತೆ ತೆಗೆದು ಸೀಮ್ಲಿಯಲ್ಲಿ ಬರೆಯಿರಿ. ಪಕ್ಕದಲ್ಲಿ 10 ಸೆಂಟಿಮೀಟರಿನ ಒಂದು ಚೌಕ ಹಾಕಿ. ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಅಂಟಿಸಿ, ಕತ್ತರಿ ಹಿಡಿಯುವ ಮುಂಚೆ ಆ ಚೌಕದ ಮೇಲೆ ಸ್ಕೇಲ್ ಇಡಿ. ಒಂಬತ್ತೂಮುಕ್ಕಾಲು ಬಂದಿದ್ದರೆ ಪ್ರಿಂಟರಿನಲ್ಲಿ 'ಫಿಟ್ ಟು ಪೇಜ್' ಟಿಕ್ ಆಗಿದೆ, ತೆಗೆದು ಮತ್ತೆ ಹಾಕಿ.