ಮಾಳಿಗೆ ಮನೆ ಬೇಕು ಸರಿ, ಮಾಳಿಗೆ ಹತ್ತೋರು ಯಾರು?

ತೋಟದ ಮನೆ ಬಗ್ಗೆ ಪ್ರಶ್ನೆಗಳು ನಿಲ್ಲುವ ಹಾಗೆ ಕಾಣಲ್ಲ. ಎಲ್ಲರೂ ಕಳಿಸುವುದು ಅದೇ ಫೋಟೊ: ಕೆಂಪು ನೆಲ, ಮರದ ಕಂಬ, ಉಯ್ಯಾಲೆ. ಪಾಯ ಎಷ್ಟು ಆಳ ಹೋಗಬೇಕು, ಮನೆ ಕಾಯೋರು ಯಾರು ಅಂತ ಒಬ್ಬರೂ ಕೇಳಲ್ಲ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆದಿದ್ದೇನೆ. ಉಳಿದವಕ್ಕೆ ತಾಳ್ಮೆ ಇದ್ದಷ್ಟು.

ಪ್ರಶ್ನೆ: ಚಳ್ಳಕೆರೆ ಹತ್ತಿರ ನಾಲ್ಕು ಎಕರೆ ಇದೆ. ನಾವಿರೋದು ಬೆಂಗಳೂರಿನಲ್ಲಿ, ತಿಂಗಳಿಗೆ ಎರಡು ಸಲ ಬರುತ್ತೇವೆ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ ಹಾಗೇ ಕಟ್ಟಬೇಕು, ಒಳಗೆ ಹೊಸ ಅನುಕೂಲ ಎಲ್ಲ ಇರಬೇಕು. ಒಂದು ಚೂರೂ ಸಿಮೆಂಟ್ ಬೇಡ ಅಂತ ತಿಳಿದವರು ಹೇಳಿದ್ದಾರೆ. ಆಗುತ್ತಾ?

ಗೋಡೆ ಆಗುತ್ತೆ, ಮಾಳಿಗೆ, ಅಂದರೆ ಮೇಲಿನ ಚಪ್ಪಟೆ ಮಣ್ಣಿನ ಚಾವಣಿ, ಆಗಲ್ಲ. ಕಾರಣ ನಿಮ್ಮ ಪತ್ರದಲ್ಲೇ ಇದೆ: ತಿಂಗಳಿಗೆ ಎರಡು ಸಲ.

ನಿಮ್ಮ ಅಜ್ಜನ ಮಾಳಿಗೆ ಹೇಗಿತ್ತು ನೆನಪು ಮಾಡಿಕೊಳ್ಳಿ. ಕಂಬ, ಅದರ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಆಮೇಲೆ ಕಡ್ಡಿ-ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಹೊಲಕ್ಕೆ ಬೇಡವಾದ ಆ ಮಣ್ಣನ್ನೇ ಹುಡುಕಿ ತಂದು ಹಾಕುತ್ತಿದ್ದರು. ಅದರಲ್ಲಿ ಸೋಡಿಯಂ ಜಾಸ್ತಿ. ಮಳೆ ಹನಿ ಬಿದ್ದ ಕೂಡಲೇ ಜೇಡಿಯ ಕಣಗಳು ಉಬ್ಬಿ, ಬಿಡಿಬಿಡಿಯಾಗಿ, ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗೆ ಇಳಿಯಲ್ಲ. ಅದೇ ಚೌಳಿನಿಂದ ಹುಲ್ಲು ಕೂಡ ಸರಿಯಾಗಿ ಬೆಳೆಯಲ್ಲ, ಹಾಗಾಗಿ ಬೇರು ಇಳಿದು ಮಾಳಿಗೆ ಸೀಳುವ ಭಯ ಕಡಿಮೆ. ಇದನ್ನು ಕಂಡುಕೊಂಡವರು ಯಾವ ಕಾಲೇಜಿಗೂ ಹೋಗಿರಲಿಲ್ಲ.

ಆದರೆ ಆ ಮಾಳಿಗೆ ನಿಂತದ್ದು ಬರೀ ಮಣ್ಣಿನಿಂದಲ್ಲ. ಮಳೆಗಾಲಕ್ಕೆ ಮುಂಚೆ ಯಾರೋ ಮೇಲೆ ಹತ್ತಿ ಬಿರುಕು ಮುಚ್ಚುತ್ತಿದ್ದರು. ಮಳೆ ನೀರು ಹೊರಗೆ ಬೀಳುವ ದೋಣಿಯಲ್ಲಿ ಕಸ ಕಟ್ಟಿದರೆ ತೆಗೆಯುತ್ತಿದ್ದರು. ಮಳೆ ಬರುವಾಗ ಒಳಗೆ ಹನಿ ಬಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಅಡುಗೆ ಒಲೆಯ ಹೊಗೆ ಜಂತೆಗೆ ತಾಗಿ ಹುಳ ದೂರ ಇರುತ್ತಿತ್ತು. ನಿಮ್ಮದು ಗ್ಯಾಸ್ ಒಲೆ, ಬೀಗ ಹಾಕಿದ ಮನೆ. ಈ ಕಡೆ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಮಳೆ ಬರುವಾಗ ನೀವು ಬೆಂಗಳೂರಿನಲ್ಲಿ ಇರುತ್ತೀರಿ.

ನಾನೇ ಪೆಟ್ಟು ತಿಂದವನು. ವರ್ಷಗಳ ಹಿಂದೆ ಹಿರಿಯೂರು ಕಡೆ ಒಬ್ಬರಿಗೆ ಇಂಥದೇ ಮಾಳಿಗೆ ಹಾಕಿಸಿಕೊಟ್ಟೆ. ಮನೆಯವರು ಮೂರು ತಿಂಗಳು ಬರಲಿಲ್ಲ. ಬಂದಾಗ ಪಡಸಾಲೆಯ ಜಂತೆಗೆ ಗೆದ್ದಲು ಹತ್ತಿತ್ತು, ಒಂದು ಮೂಲೆ ಒದ್ದೆಯಾಗಿ ಜೋತುಬಿದ್ದಿತ್ತು. ಒಂದು ಅಡಿ ದಪ್ಪದ ಮಣ್ಣು ಅಂದರೆ ಚದರ ಅಡಿಗೆ ಸುಮಾರು 50 ಕೆಜಿ. 10 ಅಡಿಗೆ 10 ಅಡಿಯ ಕೋಣೆ ಮೇಲೆ ಐದು ಟನ್. ನೆನೆದರೆ ಇನ್ನೂ ಜಾಸ್ತಿ. ಕೆಳಗೆ ಮಕ್ಕಳು ಮಲಗಿದ್ದರೆ? ಅವತ್ತಿನಿಂದ ಬೀಗ ಹಾಕುವ ಮನೆಗೆ ಮಣ್ಣಿನ ಮಾಳಿಗೆ ಹಾಕಲ್ಲ. ಈ ವಿಷಯದಲ್ಲಿ ನಾನು ಹೆದರುಪುಕ್ಕಲ ಅಂದುಕೊಂಡರೂ ಬೇಜಾರಿಲ್ಲ.

ಹಾಗಾದರೆ ಏನು ಮಾಡೋದು? ಮಾಳಿಗೆ ಚಪ್ಪಟೆಯಾಗಿಯೇ ಇರಲಿ. ಫಿಲ್ಲರ್ ಸ್ಲ್ಯಾಬ್ ಹಾಕಿಸಿ, ಅಂದರೆ ಕಾಂಕ್ರೀಟಿನ ಕೆಳಭಾಗದಲ್ಲಿ ಕಂಬಿಗಳ ನಡುವೆ ಹೆಂಚು ಕೂರಿಸೋದು. ಕಾಂಕ್ರೀಟ್ ಕಡಿಮೆ ಸಾಕು, ಬಿಸಿಯೂ ಸ್ವಲ್ಪ ಕಮ್ಮಿ. ಅದರ ಮೇಲೆ ಇಟ್ಟಿಗೆ ಚೂರಿನ ಸುಣ್ಣದ ಗಚ್ಚು, ನೀರು ಹರಿಯಲು ಹತ್ತು ಅಡಿಗೆ ಎರಡು ಇಂಚು ವಾಟ, ಕೊನೆಗೆ ಬಿಳಿ ಸುಣ್ಣ. ಸಿಮೆಂಟ್ ಬಂತಲ್ಲ ಅಂತ ನಿಮ್ಮ 'ತಿಳಿದವರು' ಕೋಪ ಮಾಡಿಕೊಳ್ಳಬಹುದು. ಎರಡು ದಿನದ ಶಿಬಿರದಲ್ಲಿ ಮಣ್ಣು ತುಳಿದು ಬಂದು ಮೂರನೇ ದಿನ ಗುರುಗಳಾದವರನ್ನು ನಾನು ಬಹಳ ನೋಡಿದ್ದೇನೆ. ಮನೆ ಸೋರಿದಾಗ ಅವರ ಫೋನ್ ಹತ್ತಲ್ಲ.

ಗೋಡೆಗೆ ನಿಮ್ಮ ಜಮೀನಿನ ಕೆಂಪು ಮಣ್ಣು ಸಾಕು. ಒತ್ತಿದ ಮಣ್ಣಿನ ಇಟ್ಟಿಗೆ ಮಾಡಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಿಂದ ಕೆಲಸ ಮಾಡಿ ಹದ ಹೇಳಿಕೊಟ್ಟಿದ್ದಾರೆ: ಮರಳಿನ ಅಂಶ ಜಾಸ್ತಿ ಇರುವ ಮಣ್ಣು, ಶೇ 6ರಿಂದ 8 ಸಿಮೆಂಟ್. ಮೂರು ವಾರ ತೇವ ಆರದ ಹಾಗೆ ನೋಡಿಕೊಳ್ಳಿ. ಗುತ್ತಿಗೆದಾರ ಒಂದೇ ವಾರಕ್ಕೆ ಕಟ್ಟೋಣ ಅಂದರೆ ಇಟ್ಟಿಗೆ ಹತ್ತಿರ ಬಿಡಬೇಡಿ. ಪಡುವಣ ಗೋಡೆ ಮಾತ್ರ ಸೈಜುಗಲ್ಲಿನಲ್ಲಿ ದಪ್ಪಗೆ ಎಬ್ಬಿಸಿ, ಕಿಟಕಿ ಬೇಡ. ಮೆಟ್ಟಿಲು, ಬಚ್ಚಲು, ಉಗ್ರಾಣ ಆ ಕಡೆಗೇ ಬರಲಿ. ಸಂಜೆ ಬಿಸಿಲು ಅವು ತಡೆಯಲಿ.

ಗವಾಕ್ಷಿ ಮರೆಯಬೇಡಿ. ಗೋಡೆಗೆ ದೊಡ್ಡ ಗಾಜು ಹಾಕಿಸುವ ಬದಲು ಮಾಳಿಗೆಯಲ್ಲಿ ಒಂದೂವರೆ ಅಡಿಯ ಕಿಂಡಿ ಬಿಟ್ಟು, ಸುತ್ತ ಕಟ್ಟೆ ಎತ್ತರಿಸಿ ಗಾಜು ಮುಚ್ಚಿ. ಪಕ್ಕದಲ್ಲಿ ಜಾಲರಿ ಇದ್ದರೆ ಬಿಸಿಗಾಳಿ ಮೇಲೆ ಹೋಗುತ್ತೆ. ನಡುಮನೆಗೆ ಹಗಲೆಲ್ಲ ಬೆಳಕು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ದಪ್ಪ ಗೋಡೆಯ ಮನೆ ಹಗಲು ತಂಪು, ಆದರೆ ಮಧ್ಯಾಹ್ನ ಹೀರಿದ ಬಿಸಿ ರಾತ್ರಿ ಒಳಗೆ ಬಿಡುತ್ತೆ. ಅದಕ್ಕೇ ಹಿರಿಯರು ಬೇಸಿಗೆಯಲ್ಲಿ ಚಾಪೆ ಹಿಡಿದು ಮಾಳಿಗೆ ಹತ್ತುತ್ತಿದ್ದರು. ಈಗಿನವರು ಒಳಗೆ ಬಾಗಿಲು ಹಾಕಿ ಮಲಗಿ, 'ಮಣ್ಣಿನ ಮನೆ ತಂಪು ಅನ್ನೋದು ಸುಳ್ಳು' ಅಂತ ನನಗೆ ಪತ್ರ ಬರೆಯುತ್ತಾರೆ. ಮೇಲೆ ಹೋಗಲು ನೆಟ್ಟಗಿನ ಮೆಟ್ಟಿಲು, ಮೂರು ಅಡಿ ಕೈಪಿಡಿ ಗೋಡೆ, ಒಂದು ನಲ್ಲಿ ಇಡಿಸಿ. ಎಸಿ ದುಡ್ಡು ಅದಕ್ಕೆ ಹಾಕಿ.

ಪ್ರಶ್ನೆ: ದಾವಣಗೆರೆ ಹತ್ತಿರ ಎರೆ ಜಮೀನು. ಆ ಮಣ್ಣಿನಲ್ಲೇ ಇಟ್ಟಿಗೆ ಮಾಡಬಹುದಾ?

ಬೇಡ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಮಣ್ಣು ಅದು. ಗೋಡೆಗಿಂತ ಮೊದಲು ಪಾಯದ ಚಿಂತೆ ಮಾಡಿ. ಅಂಡರ್ ರೀಮ್ಡ್ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ, ಬುಡ ಅಗಲವಾಗಿರುವ ಕಾಂಕ್ರೀಟ್ ಕಂಬ ಬೇಕಾಗಬಹುದು, ಮಣ್ಣು ಪರೀಕ್ಷೆ ಮಾಡಿಸದೆ ಗುದ್ದಲಿ ಪೂಜೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದರೆ ಕೋಟೆಯಷ್ಟು ಗಟ್ಟಿ ಅಂತಾರೆ, ನಿಜವಾ?

ಬೆಲ್ಲದ ನೀರು ಹಾಕುವ ರೂಢಿ ಇತ್ತು. ಸುಣ್ಣ ಚೆನ್ನಾಗಿ ನೆನೆದು ಹದವಾಗಿರದಿದ್ದರೆ ಬೆಲ್ಲಕ್ಕೆ ಇರುವೆ ಬರುತ್ತೆ, ಅಷ್ಟೆ. ಮೊಟ್ಟೆ ಮೇಸ್ತ್ರಿಗೆ ಕೊಡಿ.

ಪ್ರಶ್ನೆ: ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್?

ಒಳಗಿನ ತೇವ ಹೊರಗೆ ಹೋಗಲ್ಲ, ಹಪ್ಪಳದ ಹಾಗೆ ಎದ್ದು ಬೀಳುತ್ತೆ. ಸುಣ್ಣ ಹಚ್ಚಿ.

ಪ್ರಶ್ನೆ: ಚನ್ನಗಿರಿಯಲ್ಲಿ ಅಡಿಕೆ ತೋಟ. ನಮಗೂ ಮಾಳಿಗೆ ಮನೆ ಸರಿಯಾ?

ನಿಮ್ಮ ಕಡೆ ಮಳೆ ಜಾಸ್ತಿ, ಅಲ್ವಾ? ಹೆಂಚಿನ ಮನೆ ಕಟ್ಟಿ. ಚಳ್ಳಕೆರೆಯವರ ಆಸೆ ನಿಮಗೆ ಯಾಕೆ?

ಪ್ರಶ್ನೆ: ಫಾರ್ಮ್ ಹೌಸ್‌ಗೆ ಭೂ ಪರಿವರ್ತನೆ ಬೇಕಾ?

ಸ್ವಂತ ಬೇಸಾಯಕ್ಕೆ ಕಟ್ಟುವ ತೋಟದ ಮನೆ ಹಿಡುವಳಿಯ ಶೇ 10ರ ಒಳಗಿದ್ದರೆ ಬೇಡ. ಹೋಂಸ್ಟೇ ಮಾಡಿ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಆ ಮಾತು ಬೇರೆ. ಸುಮ್ನೆ ಕಟ್ಟಿ ಆಮೇಲೆ ತಾಲ್ಲೂಕು ಕಚೇರಿ ಸುತ್ತಬೇಡಿ.

ಪ್ರಶ್ನೆ: ವಾಸ್ತು ಪ್ರಕಾರ ಪಡುವಣಕ್ಕೆ ದೊಡ್ಡ ಕಿಟಕಿ ಇಡಿ ಅಂತ ಒಬ್ಬರು ಹೇಳಿದ್ದಾರೆ.

ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ ಅವರನ್ನು ಆ ಕಿಟಕಿ ಪಕ್ಕ ಕೂರಿಸಿ.

ಪ್ರಶ್ನೆ: ನೀವೇ ಬಂದು ಜಾಗ ನೋಡುತ್ತೀರಾ?

ಮೊದಲು ಜೋರು ಮಳೆ ಬಂದ ಮಾರನೇ ಬೆಳಿಗ್ಗೆ ನೀವು ಜಮೀನಿಗೆ ಹೋಗಿ. ನೀರು ಎಲ್ಲಿ ನಿಂತಿದೆ, ಎಲ್ಲಿಂದ ಹರಿದಿದೆ ಅಂತ ಫೋಟೊ ತೆಗೆದು ಕಳಿಸಿ. ಉಯ್ಯಾಲೆ ಫೋಟೊ ಬೇಡ.