ಗೋಡೆಗೆ ತಾರೀಖು, ನೋಟ್‌ಬುಕ್ಕಿಗೆ ಕೆಲಸ

ನಿಮ್ಮ ಪ್ರಶ್ನೆ ಇಷ್ಟು: ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಇದೆ, ಬ್ಯಾಂಕಿನವರು ಕೊಟ್ಟ ಡೈರಿಯೂ ಇದೆ. ಜನವರಿಯಲ್ಲಿ ಉತ್ಸಾಹದಿಂದ ಬರೆಯುತ್ತೀರಿ, ಫೆಬ್ರವರಿ ಹೊತ್ತಿಗೆ ಡೈರಿ ಮೂಲೆ ಸೇರುತ್ತದೆ. ವಿಮೆ, ತೆರಿಗೆ, ರೈಲು ಟಿಕೆಟ್ಟು ಎಲ್ಲ ಕೊನೇ ಗಳಿಗೆಗೆ ಬಂದು ನಿಲ್ಲುತ್ತವೆ. ಆ್ಯಪ್ ಬೇಡ, ಕಾಗದದಲ್ಲೇ ವಾರ, ತಿಂಗಳುಗಳನ್ನು ಹಿಡಿತಕ್ಕೆ ತಂದುಕೊಳ್ಳುವುದು ಹೇಗೆ?

ಕಾಗದದ ಯೋಜನೆ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ತಾರೀಖು ಮತ್ತು ಕೆಲಸ ಎರಡನ್ನೂ ಒಂದೇ ಕಡೆ ತುರುಕುವುದು. ಇನ್ನೊಂದು ಇದಕ್ಕಿಂತ ದೊಡ್ಡದು: ಕೊನೆಯ ದಿನವನ್ನು ಮಾತ್ರ ಬರೆದುಕೊಂಡು ಕೆಲಸ ಶುರು ಮಾಡಬೇಕಾದ ದಿನವನ್ನು ಎಲ್ಲೂ ಬರೆಯದಿರುವುದು. 'ಜುಲೈ 31, ಇನ್‌ಕಮ್ ಟ್ಯಾಕ್ಸ್ ರಿಟರ್ನ್' ಎಂದು ಕೆಂಪು ಶಾಯಿಯಲ್ಲಿ ಬರೆದರೆ ಅದು ಕಣ್ಣಿಗೆ ಬೀಳುವುದು ಜುಲೈ 29ಕ್ಕೆ. ಅದರ ಬದಲು ಜೂನ್ ಕೊನೆಯ ವಾರದಲ್ಲಿ 'ಫಾರ್ಮ್ 16 ಕೇಳು, ಬ್ಯಾಂಕ್ ಬಡ್ಡಿಯ ಲೆಕ್ಕ ತೆಗೆ' ಎಂದಿರಬೇಕು. ಹಾಗಾಗಿ ನಾನು ಹೇಳುವ ಕ್ರಮದಲ್ಲಿ ಗೋಡೆಯ ಮೇಲೆ ಬದಲಾಗದ ತಾರೀಖು ಮಾತ್ರ, ನೋಟ್‌ಬುಕ್ಕಿನಲ್ಲಿ ಕೆಲಸ ಮತ್ತು ಅದು ಶುರುವಾಗುವ ದಿನ.

ಮೊದಲು ಕ್ಯಾಲೆಂಡರ್. ಚಿನ್ನದಂಗಡಿಯವರು ಕೊಡುವ ದೇವರ ಚಿತ್ರದ ಕ್ಯಾಲೆಂಡರಿನಲ್ಲಿ ಮುಕ್ಕಾಲು ಭಾಗ ಚಿತ್ರ, ಕೆಳಗೆ ಇರುವೆ ಸಾಲಿನಂಥ ತಾರೀಖು. ಅದು ದೇವರ ಮನೆಗೆ ಸರಿ, ಬರೆಯಲು ಆಗದು. ಕಾಲನಿರ್ಣಯದಂಥ ಪಂಚಾಂಗ ತುಂಬಿದ ಕ್ಯಾಲೆಂಡರಿನಲ್ಲಿ ತಿಥಿ, ನಕ್ಷತ್ರಗಳೇ ಚೌಕ ತುಂಬಿಕೊಂಡಿರುತ್ತವೆ. ನೋಡಲು ಬೇಕು, ಬರೆಯಲು ಜಾಗ ಕಡಿಮೆ. ಬರೆಯುವುದಕ್ಕೆ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ತರಹದ್ದು, ಅಂದರೆ ಅಂಕಿ ದಪ್ಪ, ಚಿತ್ರವಿಲ್ಲ ಅನ್ನುವಂಥದ್ದು ಒಳ್ಳೆಯದು. ಸಾಧ್ಯವಾದರೆ ಎರಡೂ ಇರಲಿ, ಬರೆಯುವುದು ಮಾತ್ರ ಒಂದರಲ್ಲೇ. ಕೊಳ್ಳುವ ಮುನ್ನ ಕಾಗದ ಮುಟ್ಟಿ ನೋಡಿ. ಹೊಳೆಯುವ ಆರ್ಟ್ ಪೇಪರಿನ ಮೇಲೆ ಜೆಲ್ ಪೆನ್ನಿನ ಶಾಯಿ ಒಣಗದೆ ಕೈಗೆ ಮೆತ್ತುತ್ತದೆ, ಬಾಲ್ ಪೆನ್ ಜಾರುತ್ತದೆ. ಅದಕ್ಕೆ ಸಿಡಿ ಮೇಲೆ ಬರೆಯುವ ಸಣ್ಣ ಮೊನೆಯ ಮಾರ್ಕರ್ ಬೇಕು. ಒರಟು ಕಾಗದಕ್ಕೆ ಸಾಧಾರಣ ಬಾಲ್ ಪೆನ್ ಸಾಕು; ಅಲ್ಲಿ ಮಾರ್ಕರ್ ಹಚ್ಚಿದರೆ ಹಿಂದಿನ ಪುಟಕ್ಕೂ ಇಳಿಯುತ್ತದೆ.

ನೇತುಹಾಕುವುದು ಕಣ್ಣಿನ ಮಟ್ಟಕ್ಕೆ, ಎಲ್ಲರೂ ದಿನಕ್ಕೆ ನಾಲ್ಕು ಸಲ ಓಡಾಡುವ ಕಡೆ. ಒಲೆಯ ಪಕ್ಕ ಬೇಡ, ಒಗ್ಗರಣೆಯ ಜಿಡ್ಡು ಹತ್ತಿದ ಕಾಗದದ ಮೇಲೆ ಯಾವ ಪೆನ್ನೂ ಬರೆಯುವುದಿಲ್ಲ. ಅದೇ ಮೊಳೆಗೆ ದಾರ ಕಟ್ಟಿ ಒಂದು ಪೆನ್ ಇಳಿಬಿಡಿ. ಪೆನ್ ಹುಡುಕಬೇಕಾದ ಮನೆಯಲ್ಲಿ ಯಾರೂ ಕ್ಯಾಲೆಂಡರಿನಲ್ಲಿ ಬರೆಯುವುದಿಲ್ಲ.

ಹೊಸ ಕ್ಯಾಲೆಂಡರ್ ಬಂದ ಕೂಡಲೇ ಒಂದು ಗಂಟೆ ಕೂತು ತುಂಬಬೇಕು. ಮೊದಲು ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರಕ್ಕೆ ಅಡ್ಡಗೆರೆ ಎಳೆಯಿರಿ. ಅವತ್ತು ಬ್ಯಾಂಕೂ ಇಲ್ಲ, ರಾಜ್ಯ ಸರ್ಕಾರಿ ಕಚೇರಿಯೂ ಇಲ್ಲ. 'ಶನಿವಾರ ಹೋಗಿ ಮಾಡಿಸ್ತೀನಿ' ಅಂದುಕೊಂಡ ಅರ್ಧ ಕೆಲಸಗಳು ಕೆಡುವುದು ಇಲ್ಲೇ. ಆಮೇಲೆ ಶಾಲೆಯ ರಜೆ, ಪರೀಕ್ಷೆ. ಆಮೇಲೆ ವಿಮೆ ಮುಗಿಯುವ ದಿನ, ಕಂತಿನ ದಿನ, ಗಾಡಿಯ ಹೊಗೆ ತಪಾಸಣೆಯ ದಿನ. ಪಿಪಿಎಫ್ ಖಾತೆ ಇದ್ದರೆ ಪ್ರತಿ ತಿಂಗಳ 5ಕ್ಕೆ ಒಂದು ಚುಕ್ಕೆ: 5ನೇ ತಾರೀಖಿನ ನಂತರ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಸಿಗದು. ಪಿಂಚಣಿದಾರರು ಮನೆಯಲ್ಲಿದ್ದರೆ ನವೆಂಬರಿಗೆ ಜೀವಂತ ಪ್ರಮಾಣಪತ್ರ.

ಒಂದು ಕಡೆ ಎಚ್ಚರ ಬೇಕು. ಆರು ಸಾಲು ಬೇಕಾಗುವ ತಿಂಗಳಲ್ಲಿ ಜಾಗ ಉಳಿಸಲು ಹಲವು ಕ್ಯಾಲೆಂಡರುಗಳು ಕೊನೆಯ ತಾರೀಖುಗಳನ್ನು ಮೇಲಿನ ಖಾಲಿ ಚೌಕಕ್ಕೆ ಹತ್ತಿಸುತ್ತವೆ, ಇಲ್ಲವೇ 23/30 ಎಂದು ಒಂದೇ ಚೌಕದಲ್ಲಿ ಕೂರಿಸುತ್ತವೆ. ಭಾನುವಾರದಿಂದ ಶುರುವಾಗುವ 2026ರ ಕ್ಯಾಲೆಂಡರಿನಲ್ಲಿ ಮೇ 31, ಆಗಸ್ಟ್ 30 ಮತ್ತು 31 ಇಂಥವು. ತಿಂಗಳ ಕೊನೆ ನೋಡುವವರ ಕಣ್ಣು ಕೆಳಗಿನ ಸಾಲಿಗೇ ಹೋಗುವುದರಿಂದ ಇವು ತಪ್ಪಿಹೋಗುತ್ತವೆ. ಅಂಥ ಚೌಕದಿಂದ ಕೊನೆಯ ಸಾಲಿಗೆ ಬಾಣದ ಗುರುತು ಎಳೆದಿಡಿ. ಹಾಗೆಯೇ 31ರ ಆಚೆ ಏನಿದೆ ಎಂದು ಗೋಡೆ ಹೇಳುವುದಿಲ್ಲ. ಮುಂದಿನ ತಿಂಗಳ ಮೊದಲ ವಾರದ ದೊಡ್ಡ ವಿಷಯಗಳನ್ನು ಹಾಳೆಯ ಕೆಳ ಅಂಚಿನಲ್ಲಿ ಒಂದು ಸಾಲು ಬರೆದಿಡುವುದು ಒಳ್ಳೆಯದು.

ಹಬ್ಬ ಮತ್ತು ತಿಥಿಯ ವಿಷಯಕ್ಕೆ ಬೇರೆಯೇ ಪುಟ ಬೇಕು. ಹುಟ್ಟುಹಬ್ಬವನ್ನು ಹೋದ ವರ್ಷದ ಹಾಳೆಯಿಂದ ನಕಲು ಮಾಡಬಹುದು, ಗಣೇಶ ಚೌತಿಯನ್ನು ಮಾಡಲಾಗದು. ಚಾಂದ್ರಮಾನದ ಹಬ್ಬಗಳು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಅಧಿಕ ಮಾಸ ನಡುವೆ ಬಂದರೆ ಮುಂದಕ್ಕೆ ಜಿಗಿಯುತ್ತವೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕಿತ್ತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರುವುದರಿಂದ ಸೆಪ್ಟೆಂಬರ್ 14ಕ್ಕೆ ಬರುತ್ತದೆ. ಆ ಒಂದು ತಿಂಗಳು ಮದುವೆ, ಗೃಹಪ್ರವೇಶ ಇಟ್ಟುಕೊಳ್ಳದವರೇ ಹೆಚ್ಚು, ಹಾಗಾಗಿ ಅದರ ಹಿಂದೆ ಮುಂದೆ ಛತ್ರ, ಅಡುಗೆಯವರು ಸಿಗುವುದು ಕಷ್ಟ. ಮನೆಯ ಹಿರಿಯರ ಶ್ರಾದ್ಧದ ದಿನವನ್ನು ನೋಟ್‌ಬುಕ್ಕಿನಲ್ಲಿ ತಾರೀಖಾಗಿ ಬರೆಯಬೇಡಿ. ಮಾಸ, ಪಕ್ಷ, ತಿಥಿ ಬರೆಯಿರಿ: 'ಶ್ರಾವಣ ಬಹುಳ ಪಂಚಮಿ' ಎನ್ನುವ ಹಾಗೆ. ಪ್ರತಿ ವರ್ಷ ಹೊಸ ಪಂಚಾಂಗದಲ್ಲಿ ಹುಡುಕಿ ಗೋಡೆಗೆ ಏರಿಸಬೇಕು. ಕ್ಯಾಲೆಂಡರಿನ ಚೌಕದಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ಸೂರ್ಯೋದಯದ ತಿಥಿ, ಶ್ರಾದ್ಧಕ್ಕೆ ನೋಡುವುದು ಅಪರಾಹ್ಣದ ತಿಥಿ. ಒಂದು ದಿನದ ವ್ಯತ್ಯಾಸ ಬರಬಹುದು. ಮೊದಲು ಪೆನ್ಸಿಲಿನಲ್ಲಿ ಗುರುತು ಹಾಕಿ, ಪುರೋಹಿತರನ್ನು ಕೇಳಿ ಶಾಯಿಯಲ್ಲಿ ತಿದ್ದಿ.

ಹಾಲಿನ ಲೆಕ್ಕವೂ ಗೋಡೆಯಲ್ಲೇ ಇರಲಿ, ಆದರೆ ದಿನಾ ಬರೆಯುವ ಶ್ರಮ ಬೇಡ. ವಾಡಿಕೆ ದಿನಕ್ಕೆ ಅರ್ಧ ಲೀಟರಿನ 2 ಪ್ಯಾಕೆಟ್ ಎಂದಿಟ್ಟುಕೊಳ್ಳಿ. 3 ತಂದ ದಿನ +1, ಊರಿಗೆ ಹೋದ ದಿನ -2, ಉಳಿದ ದಿನ ಖಾಲಿ. 30 ದಿನದ ತಿಂಗಳಾದರೆ 60ಕ್ಕೆ ಈ ಗುರುತುಗಳನ್ನು ಕೂಡಿ ಕಳೆದರೆ ಲೆಕ್ಕ ಸಿಕ್ಕಿತು. ಸಿಲಿಂಡರ್ ಹಚ್ಚಿದ ದಿನಕ್ಕೆ 'ಗ್ಯಾ' ಎಂದು ಬರೆಯಿರಿ. ಮೂರು ಸಿಲಿಂಡರ್ ಕಳೆದ ಮೇಲೆ ನಿಮ್ಮ ಮನೆಗೆ ಎಷ್ಟು ದಿನ ಬರುತ್ತದೆ ಎಂಬ ಸರಾಸರಿ ಕೈಗೆ ಬರುತ್ತದೆ. ಇದಕ್ಕಾಗಿಯೇ ಮುಗಿದ ತಿಂಗಳ ಹಾಳೆ ಹರಿಯಬಾರದು, ಹಿಂದಕ್ಕೆ ಮಡಚಿ.

ಇನ್ನು ನೋಟ್‌ಬುಕ್. ಬ್ಯಾಂಕಿನ ಡೈರಿ ಏಕೆ ಬೇಡ ಅಂದರೆ, ದಿನಕ್ಕೊಂದು ಪುಟ ಅಂದಾಗ ಹೆಚ್ಚಿನ ಪುಟ ಖಾಲಿ ಉಳಿಯುತ್ತವೆ. ನಾಲ್ಕು ದಿನ ಬಿಟ್ಟರೆ ನಾಲ್ಕು ಖಾಲಿ ಪುಟ ಮುಖಕ್ಕೆ ಹೊಡೆಯುತ್ತವೆ, ಮತ್ತೆ ತೆರೆಯುವ ಮನಸ್ಸಾಗುವುದಿಲ್ಲ. ಮೇಲಾಗಿ ಇಡೀ ವಾರ ಒಂದೇ ನೋಟಕ್ಕೆ ಕಾಣುವುದಿಲ್ಲ. (ಹಳೇ ಡೈರಿ ಬಿಸಾಡಲು ಮನಸ್ಸಿಲ್ಲದವರಿಗೆ ಒಂದು ಮಾತು: 2015ರ ತಾರೀಖು, ವಾರಗಳು 2026ಕ್ಕೆ ಹಾಗೆಯೇ ಹೊಂದುತ್ತವೆ. ಹಬ್ಬಗಳನ್ನು ಮಾತ್ರ ನಂಬಬೇಡಿ.) 172 ಪುಟದ, ಸಿಂಗಲ್ ರೂಲ್ ಇರುವ, ಕೈಯಲ್ಲಿ ಹಿಡಿಯುವಷ್ಟು ಅಗಲದ ಸಾಧಾರಣ ನೋಟ್‌ಬುಕ್ ಒಂದು ವರ್ಷಕ್ಕೆ ಸಾಕು.

ಪುಟಗಳ ಹಂಚಿಕೆ ಹೀಗೆ. ಮೂಲೆಯಲ್ಲಿ ಪುಟಸಂಖ್ಯೆ ಹಾಕಿಕೊಂಡು ಹೋಗಿ; ಮೊದಲ ಬಲಪುಟ 1 ಆದರೆ ಎಡಪುಟಗಳೆಲ್ಲ ಸಮಸಂಖ್ಯೆ. 1 ಖಾಲಿ. 2–3 ಪರಿವಿಡಿ. 4–5 ವರ್ಷಕ್ಕೊಮ್ಮೆ ಬರುವ ನವೀಕರಣಗಳು. 6–7 ತಿಥಿ, ಹುಟ್ಟುಹಬ್ಬ. 8ರಿಂದ 31ರವರೆಗೆ ತಿಂಗಳಿಗೆ ಎರಡು ಪುಟದಂತೆ 12 ತಿಂಗಳು. 32ರಿಂದ 137ರವರೆಗೆ ವಾರಕ್ಕೆ ಎರಡು ಪುಟದಂತೆ 53 ವಾರ. ಉಳಿದ 35 ಪುಟ ಪಟ್ಟಿಗಳಿಗೆ: ಪ್ರವಾಸದ ಸಾಮಾನು, ರಿಪೇರಿ, ಸಾಲ ಕೊಟ್ಟದ್ದು. ತಿಂಗಳ ಪುಟಗಳನ್ನು ವಾರಗಳ ನಡುವೆ ಸೇರಿಸಬೇಡಿ. ಹಾಗೆ ಮಾಡಿದರೆ ಮಾರ್ಚಿನಲ್ಲಿ ಕೂತು ಸೆಪ್ಟೆಂಬರಿನ ಕೆಲಸ ಬರೆಯಲು ಜಾಗವೇ ಇರುವುದಿಲ್ಲ. ವಾರದ ಗೆರೆಗಳನ್ನು ಇಡೀ ವರ್ಷಕ್ಕೆ ಒಂದೇ ದಿನ ಎಳೆಯುವ ಚಟವೂ ಬೇಡ, ನಾಲ್ಕು ವಾರಕ್ಕೆ ಒಮ್ಮೆ ಎಳೆದರೆ ಸಾಕು.

ತಿಂಗಳ ಪುಟದಲ್ಲಿ ಎಡಕ್ಕೆ 1ರಿಂದ 16, ಬಲಕ್ಕೆ 17ರಿಂದ 31, ತಾರೀಖಿಗೆ ಒಂದೇ ಗೆರೆ. ಇಲ್ಲಿ ಬರೆಯುವುದು ಶುರು ಮಾಡುವ ದಿನ. ಗೋಡೆಯ ತಾರೀಖಿನಿಂದ ಹಿಂದಕ್ಕೆ ಎಣಿಸಿ ಇಲ್ಲಿಗೆ ತರಬೇಕು. ಒಂದು ಉದಾಹರಣೆ ಬಿಡಿಸುತ್ತೇನೆ. 2026ರ ಚೌತಿ ಸೋಮವಾರ. ಬೆಂಗಳೂರಿನಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವವರು ಹೊರಡುವುದು ಸೆಪ್ಟೆಂಬರ್ 11, ಶುಕ್ರವಾರ ರಾತ್ರಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ (2024ರ ನವೆಂಬರಿಗೆ ಮುಂಚೆ 120 ದಿನ ಇತ್ತು), ಹೊರಡುವ ದಿನವನ್ನು ಲೆಕ್ಕಕ್ಕೆ ಹಿಡಿಯದೆ. ಹಿಂದಕ್ಕೆ ಎಣಿಸಿದರೆ ಜುಲೈ 13, ಸೋಮವಾರ. ಜುಲೈ ಪುಟದ 13ರ ಗೆರೆಯಲ್ಲಿ 'ರೈಲು, ಬೆಳಗ್ಗೆ 8', 12ರ ಗೆರೆಯಲ್ಲಿ 'ಯಾರು ಯಾರು ಬರುತ್ತಾರೆ ಕೇಳು, ವಯಸ್ಸು ಬರೆದಿಟ್ಟುಕೋ'. ವಾಪಸ್ ಬರುವ ಟಿಕೆಟ್ಟಿಗೆ ಬೇರೆ ದಿನ ಬರುತ್ತದೆ, ಅದನ್ನೂ ಎಣಿಸಿ. ಬಹಳ ಜನ ಇಲ್ಲೇ ಎಡವುತ್ತಾರೆ.

ಉಳಿದವಕ್ಕೂ ಇದೇ ಲೆಕ್ಕ. ಗಾಡಿ ವಿಮೆ ಮುಗಿಯುವ ದಿನಕ್ಕೆ 30 ದಿನ ಮೊದಲು 'ದರ ವಿಚಾರಿಸು'. ಮುಗಿದು 90 ದಿನ ದಾಟಿದರೆ ನೋ ಕ್ಲೈಮ್ ಬೋನಸ್ಸೂ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಹೋಗುತ್ತದೆ. ಪಾಸ್‌ಪೋರ್ಟ್ ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ನವೀಕರಣಕ್ಕೆ ಹಾಕಬಹುದು, ಅನೇಕ ದೇಶಗಳು ಆರು ತಿಂಗಳ ಅವಧಿ ಬಾಕಿ ಇರಬೇಕು ಅನ್ನುತ್ತವೆ. ಹಾಗಾಗಿ ಅದರ ಆರಂಭದ ದಿನ ಹಿಂದಿನ ವರ್ಷದ ನೋಟ್‌ಬುಕ್ಕಿಗೆ ಸೇರಿದ್ದು. ಹಬ್ಬಕ್ಕೆ ಬ್ಲೌಸ್ ಹೊಲಿಸುವುದಿದ್ದರೆ ಟೈಲರ್ ಎಷ್ಟು ದಿನ ಕೇಳುತ್ತಾರೋ ಅದಕ್ಕೆ ಒಂದು ವಾರ ಸೇರಿಸಿ. ಆ ವಾರ ಅಳತೆ ಸರಿಪಡಿಸಲು.

ಮಾತ್ರೆಗಳದ್ದು ಸ್ವಲ್ಪ ಸೂಕ್ಷ್ಮ. ಬಿಪಿ ಮಾತ್ರೆ 15ರ ಎರಡು ಸ್ಟ್ರಿಪ್, ದಿನಕ್ಕೊಂದು. ಜನವರಿ 1ಕ್ಕೆ ಶುರುವಾದರೆ ಜನವರಿ 30ಕ್ಕೆ ಮುಗಿಯಿತು, ಮುಂದಿನ ಜೋಡಿ ಮಾರ್ಚ್ 1ಕ್ಕೆ, ಅದರ ಮುಂದಿನದು ಮಾರ್ಚ್ 31ಕ್ಕೆ. 'ಪ್ರತಿ ತಿಂಗಳು 1ಕ್ಕೆ ತರುವುದು' ಎಂದು ಬರೆದರೆ ಜನವರಿ 31ಕ್ಕೇ ಮಾತ್ರೆ ಇರುವುದಿಲ್ಲ. ಮುಗಿಯುವ ದಿನ ಗೋಡೆಗೆ, ಅದಕ್ಕೆ 5 ದಿನ ಮೊದಲು 'ಮಾತ್ರೆ' ಎಂದು ತಿಂಗಳ ಪುಟಕ್ಕೆ.

ವಾರದ ಎರಡು ಪುಟವನ್ನು ಎಂಟು ಭಾಗ ಮಾಡಿ. ಎಡಕ್ಕೆ ಸೋಮವಾರದಿಂದ ಗುರುವಾರ, ಬಲಕ್ಕೆ ಶುಕ್ರವಾರದಿಂದ ಭಾನುವಾರ, ಎಂಟನೆಯದು 'ಈ ವಾರ ಎಂದಾದರೂ'. ಪುಟಕ್ಕೆ 24 ಗೆರೆ ಇದ್ದರೆ ದಿನಕ್ಕೆ 6 ಬರುತ್ತದೆ. ಮೊದಲ ಗೆರೆಯಲ್ಲಿ ತಾರೀಖು, ಗೋಡೆಯಿಂದ ಬಂದ ವಿಷಯ. ನಂತರದ ಮೂರು ಗೆರೆ ಕೆಲಸಕ್ಕೆ. ಕೊನೆಯ ಎರಡು ಖಾಲಿ, ಅವತ್ತು ಇದ್ದಕ್ಕಿದ್ದಂತೆ ಬರುವುದಕ್ಕೆ. ಮೂರಕ್ಕಿಂತ ಹೆಚ್ಚು ಬರೆಯಬೇಡಿ. ಕಚೇರಿಗೆ ಹೋಗಿ ಬರುವವರಿಗೆ ದಿನಕ್ಕೆ ಹೊರಗೆ ಓಡಾಡುವ ಕೆಲಸ ಒಂದು, ಫೋನಿನಲ್ಲೋ ಮನೆಯಲ್ಲೋ ಮುಗಿಯುವಂಥದ್ದು ಎರಡು. ಇದಕ್ಕಿಂತ ಹೆಚ್ಚು ಮುಗಿದೀತು ಅನ್ನುವವರ ಪಟ್ಟಿ ನೋಡಿದರೆ ಅರ್ಧ ಮಾರನೇ ದಿನಕ್ಕೆ ದಾಟಿರುತ್ತದೆ. ಕೆಲಸವನ್ನು ಕ್ರಿಯಾಪದದಲ್ಲಿ ಮುಗಿಸಿ: 'ನಲ್ಲಿ' ಎಂದು ಬರೆದರೆ ಬುಧವಾರ ನೋಡಿದಾಗ ಏನೂ ಹೊಳೆಯದು, 'ಪ್ಲಂಬರಿಗೆ ಫೋನ್ ಮಾಡಿ ಶನಿವಾರ ಬರಹೇಳು' ಅಂದರೆ ಕೈ ತಾನೇ ಫೋನಿಗೆ ಹೋಗುತ್ತದೆ.

ಭಾನುವಾರ ಸಂಜೆ ಇಪ್ಪತ್ತು ನಿಮಿಷ ಇದಕ್ಕೆ ಬೇಕೇ ಬೇಕು. ಗೋಡೆಯ ಮುಂದೆ ನಿಂತು ಮುಂದಿನ 14 ದಿನ ಓದಿ, ಈ ವಾರದ್ದನ್ನು ಇಳಿಸಿಕೊಳ್ಳಿ. ತಿಂಗಳ ಪುಟದಿಂದ ಈ ವಾರ ಶುರುವಾಗಬೇಕಾದ್ದನ್ನು ತನ್ನಿ. ಕೊನೆಗೆ ಹೋದ ವಾರದ ಬಾಕಿ. ಮುಗಿದದ್ದಕ್ಕೆ ×, ಮುಂದಕ್ಕೆ ಹಾಕಿದ್ದಕ್ಕೆ >, ಬಿಟ್ಟದ್ದಕ್ಕೆ ಅಡ್ಡಗೆರೆ. ಬಾಕಿಯನ್ನು ಕೈಯಲ್ಲೇ ಮತ್ತೆ ಬರೆಯಬೇಕು, ಬಾಣ ಎಳೆದು ತೋರಿಸುವುದಲ್ಲ. ಮತ್ತೆ ಬರೆಯುವ ಬೇಸರದಿಂದಲೇ ಬೇಡದ ಕೆಲಸ ಉದುರುತ್ತದೆ. ಮೂರನೇ ಸಲ ಬರೆಯುವ ಪ್ರಸಂಗ ಬಂದರೆ ಅದು ಒಂದು ಕೆಲಸವಾಗಿರುವುದಿಲ್ಲ, ನಾಲ್ಕರ ಗಂಟಾಗಿರುತ್ತದೆ; ಬಿಡಿಸಿ ಮೊದಲನೆಯದನ್ನು ಮಾತ್ರ ಬರೆಯಿರಿ.

ಇನ್ನು ಶಾಯಿಯ ಬಣ್ಣಗಳು. ಎರಡು ಸಾಕು. ಖಚಿತವಾದದ್ದು ನೀಲಿ, ಹಣ ಕಟ್ಟುವುದು ಕೆಂಪು, ಅನುಮಾನವಿದ್ದದ್ದು ಪೆನ್ಸಿಲ್. ಐದು ಬಣ್ಣ, ಸ್ಟಿಕ್ಕರ್ ಎಂದು ಹೋದವರು ಅವತ್ತು ಹಸಿರು ಪೆನ್ ಸಿಗಲಿಲ್ಲ ಎಂದು ಬರೆಯುವುದನ್ನೇ ಬಿಡುತ್ತಾರೆ.

ಫೋನ್ ಪೂರ್ತಿ ಬಿಡಬೇಕಿಲ್ಲ. ಗಂಟೆ ಹೊಡೆಯುವುದು ಕಾಗದಕ್ಕೆ ಬರುವುದಿಲ್ಲ, ಜುಲೈ 13ರ ಬೆಳಗ್ಗೆ 7.50ಕ್ಕೆ ಅಲಾರಂ ಬೇಕೇ ಬೇಕು. ಗಂಟೆ, ನಿಮಿಷಕ್ಕೆ ಕಟ್ಟುಬಿದ್ದದ್ದು ಫೋನಿಗೂ ಹೋಗಲಿ, ಉಳಿದದ್ದು ಬೇಡ. ಪ್ರತಿ ತಿಂಗಳ 1ಕ್ಕೆ ಗೋಡೆಯ ಹಾಳೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಡಾಕ್ಟರ ಹತ್ತಿರ ಮುಂದಿನ ದಿನ ನಿಗದಿ ಮಾಡುವಾಗ ಕೆಲಸಕ್ಕೆ ಬರುತ್ತದೆ.

ವರ್ಷದ ನಡುವೆ ಶುರು ಮಾಡುವುದಾದರೆ ಜನವರಿಗೆ ಕಾಯಬೇಡಿ. ಮೊದಲ ನಾಲ್ಕು ವಾರ ಗೋಡೆಯ ಕ್ಯಾಲೆಂಡರ್ ಮತ್ತು ವಾರದ ಪುಟ ಮಾತ್ರ ನಡೆಸಿ, ಭಾನುವಾರದ ಇಪ್ಪತ್ತು ನಿಮಿಷ ಗಟ್ಟಿಯಾದ ಮೇಲೆ ತಿಂಗಳ ಪುಟಗಳನ್ನು ಸೇರಿಸಿ. ಅವಕ್ಕೆ 8ರಿಂದ 31ರವರೆಗಿನ ಪುಟ ಮೊದಲೇ ಖಾಲಿ ಬಿಟ್ಟಿರಬೇಕು.