ಸಂಪಾದಕರ ಉತ್ತರ: ಆ ತೀರ್ಪಿನ ಇನ್ನೊಂದು ಅರ್ಧ

ಮಲ್ಲೇಶ್ವರದಿಂದ ಬ್ಯಾಂಕಿನ ನಿವೃತ್ತ ನೌಕರರೊಬ್ಬರು ಬರೆದಿದ್ದಾರೆ: "ಒಬಾಮ ತಂದ ಆರೋಗ್ಯ ವಿಮೆ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲೇ ಎತ್ತಿಹಿಡಿಯಿತು. ಅಲ್ಲಿಗೆ ವಿಷಯ ಮುಗೀತಲ್ವಾ? ಆಮೇಲೂ ಅದರ ಮೇಲೆ ಚುನಾವಣೆ ನಡೆಸಿದ್ದು ಯಾಕೆ? ನನ್ನ ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಕಂಪನಿ ವಿಮೆ ಇದೆ, ನನಗೇನೂ ಬದಲಾಗಲಿಲ್ಲ ಅಂತಾಳೆ. ಬೆಂಗಳೂರಿನವರಿಗೆ ಇದರಿಂದ ಏನಾಗಬೇಕು?"

ಸರ್, ನಿಮ್ಮ ಮಗಳು ಹೇಳಿದ್ದು ಸರಿ. ಕಂಪನಿ ವಿಮೆ ಇದ್ದವರಿಗೆ ಆ ತೀರ್ಪು ಅಷ್ಟಾಗಿ ತಟ್ಟಲಿಲ್ಲ. ಆದರೆ ಅವರಿರುವ ಟೆಕ್ಸಾಸ್‌ನಲ್ಲೇ ಬಡವರಿಗೆ ಜೋರಾಗಿ ತಟ್ಟಿತು. ವಿಷಯ ಮುಗಿಯದೆ ಉಳಿದದ್ದೂ ಅದಕ್ಕೇ.

2012ರ ಜೂನ್ 28ರ ಬೆಳಿಗ್ಗೆ ಎರಡು ದೊಡ್ಡ ಟಿವಿ ಚಾನೆಲ್‌ಗಳು ಕಾನೂನು ಬಿದ್ದುಹೋಯಿತು ಎಂದು ಹೇಳಿಬಿಟ್ಟವು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತೀರ್ಪಿನ ಮೊದಲ ಭಾಗದಲ್ಲಿ, ವ್ಯಾಪಾರ ನಿಯಂತ್ರಿಸುವ ಅಧಿಕಾರ ಬಳಸಿ ಜನರಿಗೆ ವಿಮೆ ಕಡ್ಡಾಯ ಮಾಡಲು ಬರುವುದಿಲ್ಲ ಎಂದಿದ್ದರು. ಚಾನೆಲ್‌ನವರು ಅಷ್ಟಕ್ಕೇ ಓಡಿದರು. ಮುಂದಿನ ಪುಟಗಳಲ್ಲಿ ರಾಬರ್ಟ್ಸ್, ವಿಮೆ ಮಾಡಿಸದವರಿಗೆ ಕಾನೂನು ಹಾಕುವ ದಂಡವನ್ನು ತೆರಿಗೆ ಎಂದು ಪರಿಗಣಿಸಬಹುದು, ತೆರಿಗೆ ಹಾಕುವ ಹಕ್ಕು ಸಂಸತ್ತಿಗಿದೆ ಎಂದರು. 5-4ರಲ್ಲಿ ಕಾನೂನು ಉಳಿಯಿತು.

ಒಬಾಮರ ವಿರೋಧಿಗಳಾದ ರಿಪಬ್ಲಿಕನ್ನರಿಗೆ ಇದು ಹೊಸ ತೆರಿಗೆ ಎಂದು ಕೂಗಲು ದಾರಿ ಸಿಕ್ಕಿತು. ಗೆದ್ದರೆ ಮೊದಲ ದಿನವೇ ರದ್ದತಿಗೆ ಕೈ ಹಾಕುತ್ತೇನೆ ಎಂದು ಆ ವರ್ಷ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಅವರ ಪಕ್ಷದ ಮಿಟ್ ರಾಮ್ನಿ ಅವತ್ತೇ ಹೇಳಿದರು. ಆದರೆ 2006ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಆಗಿ ಅವರೇ ಇಂಥದ್ದೇ ಕಾನೂನಿಗೆ ಸಹಿ ಹಾಕಿದ್ದರು. ನವೆಂಬರ್‌ನಲ್ಲಿ ಒಬಾಮ ಗೆದ್ದರು. 2017ರಲ್ಲಿ ರದ್ದು ಮಾಡುವ ಪ್ರಯತ್ನ ಸೆನೆಟ್‌ನಲ್ಲಿ 49-51ರಲ್ಲಿ ಬಿತ್ತು. ಅದೇ ವರ್ಷ ದಂಡವನ್ನು ಸೊನ್ನೆಗೆ ಇಳಿಸಿದರು. ತೆರಿಗೆಯೇ ಇಲ್ಲವೆಂದ ಮೇಲೆ ಕಾನೂನು ಯಾಕೆ ಎಂದು ಟೆಕ್ಸಾಸ್ ಮತ್ತಿತರ ರಾಜ್ಯಗಳು ಮತ್ತೆ ಕೋರ್ಟಿಗೆ ಹೋದವು. ದಾವೆ ಹೂಡುವ ಹಕ್ಕೇ ನಿಮಗಿಲ್ಲ ಎಂದು 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ವಾಪಸ್ ಕಳಿಸಿತು.

ಇದೆಲ್ಲ ಸುದ್ದಿಯಾಯಿತು. ನನಗೆ ಹೆಚ್ಚು ನೋವಾಗುವುದು 2012ರ ತೀರ್ಪಿನ ಇನ್ನೊಂದು ಅರ್ಧದ ಬಗ್ಗೆ.

ಬಡವರಿಗೆ ಸರ್ಕಾರ ಕೊಡುವ ವಿಮೆ ಮೆಡಿಕೇಡ್. ಬಡತನ ರೇಖೆಯ 138% ಒಳಗಿರುವ ವಯಸ್ಕರನ್ನೆಲ್ಲ ರಾಜ್ಯಗಳು ಅದಕ್ಕೆ ಸೇರಿಸಿಕೊಳ್ಳಬೇಕು, ಇಲ್ಲವಾದರೆ ಹಳೆಯ ಮೆಡಿಕೇಡ್ ಅನುದಾನವೂ ಹೋಗಬಹುದು ಎಂದು ಕಾನೂನು ಹೇಳಿತ್ತು. ಇದು ರಾಜ್ಯಗಳ ತಲೆಗೆ ಬಂದೂಕು ಹಿಡಿದಂತೆ ಎಂದರು ರಾಬರ್ಟ್ಸ್. ಸೇರುವುದು ಬಿಡುವುದು ರಾಜ್ಯಗಳ ಇಷ್ಟಕ್ಕೆ ಬಿಟ್ಟ ಹಾಗಾಯಿತು. ಕೇಂದ್ರ ದುಡ್ಡು ಹಿಡಿದುಕೊಂಡು ರಾಜ್ಯಗಳನ್ನು ಬಗ್ಗಿಸಬಾರದು ಎಂಬ ಮಾತು ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನನಗೂ ಒಪ್ಪಿಗೆಯೇ. ಆದರೆ ಅದರ ಬೆಲೆ ಕೊಟ್ಟವರು ಯಾರು ನೋಡಿ.

ಎಲ್ಲ ರಾಜ್ಯಗಳೂ ಸೇರುತ್ತವೆ ಎಂದುಕೊಂಡೇ ಕಾನೂನು ಬರೆದಿದ್ದರು. ಹಾಗಾಗಿ ವಿಮೆ ಕಂತಿಗೆ ಸಹಾಯಧನ ಶುರುವಾಗುವುದೇ ಬಡತನ ರೇಖೆಯಿಂದ ಮೇಲೆ. ಒಂಟಿ ವ್ಯಕ್ತಿಗೆ 2024ರಲ್ಲಿ ಆ ಗೆರೆ ವರ್ಷಕ್ಕೆ 15,060 ಡಾಲರ್. ಟೆಕ್ಸಾಸ್ ಸೇರಲಿಲ್ಲ. ಅಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ದುಡಿಯುವವರಿಗೆ ಸಹಾಯಧನ ಸಿಗುತ್ತದೆ. ಕಡಿಮೆ ದುಡಿಯುವವರಿಗೆ ಅದೂ ಇಲ್ಲ. ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ ವಯಸ್ಕರಾದರೆ ಎಷ್ಟೇ ಬಡವರಾಗಿರಲಿ, ಸಾಮಾನ್ಯವಾಗಿ ಮೆಡಿಕೇಡೂ ಇಲ್ಲ. ಹೊಸದಾಗಿ ಸೇರುವವರ ಖರ್ಚಿನಲ್ಲಿ 2014ರಿಂದ ಮೂರು ವರ್ಷ ಪೂರ್ತಿ ಕೇಂದ್ರವೇ ಕೊಟ್ಟಿತು, ಆಮೇಲೆ ಸ್ವಲ್ಪ ಸ್ವಲ್ಪ ಇಳಿಸಿ 2020ರಿಂದ 90% ಕೊಡುತ್ತಿದೆ. ಆದರೂ ಬೇಡ ಎಂದವರದು ಲೆಕ್ಕದ ತೊಂದರೆ ಅಂತ ನನಗೆ ಅನ್ನಿಸುವುದಿಲ್ಲ. ಒಬಾಮ ಹೆಸರಿನದ್ದು ನಮಗೆ ಬೇಡ ಎಂಬ ಹಟವೇ ಜಾಸ್ತಿ.

ಬೆಂಗಳೂರಿಗೆ ಏನು ಎಂದಿರಿ. ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಆರೋಗ್ಯ ಕಾರ್ಡ್ ಕೌಂಟರ್ ಹತ್ತಿರ ಬೆಳಿಗ್ಗೆ ನಿಂತು ನೋಡಿ. ಎಲ್ಲರ ಕೈಯಲ್ಲೂ ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್. ಇಲ್ಲೂ ಕೇಂದ್ರದ ವಿಮೆ ಬೇಡ ಎಂದ ರಾಜ್ಯಗಳಿವೆ. ಪಶ್ಚಿಮ ಬಂಗಾಳ 2019ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ವಿಮೆ ಆಯುಷ್ಮಾನ್ ಭಾರತ್‌ನಿಂದ ಹೊರಬಂತು. ಒಡಿಶಾ 2025ರವರೆಗೆ ಸೇರಲೇ ಇಲ್ಲ. ಎರಡೂ ಕಡೆ ಸ್ವಂತ ಯೋಜನೆಗಳಿದ್ದವು, ನಿಜ. ಆದರೆ ಆಗ ಒಡಿಶಾದಿಂದ ಬಂದು ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದವನು ಮೇಲಿಂದ ಬಿದ್ದರೆ, ಜೊತೆಗಿದ್ದ ಬಿಹಾರದವನಿಗೆ ಸಿಗಬಹುದಾಗಿದ್ದ ಕೇಂದ್ರದ ಕಾರ್ಡ್ ಅವನಿಗೆ ಸಿಗುತ್ತಿರಲಿಲ್ಲ. ಯಾರ ಪಕ್ಷ ಯಾರ ಜೊತೆ ಜಗಳವಾಡಿತು ಎಂಬುದು ಅವನ ಬಿಲ್ಲಿನಲ್ಲಿ ಕಾಣುತ್ತಿತ್ತು.

ಅಮೆರಿಕದಲ್ಲಿ ಕೆಲವು ಕಡೆ ಮತದಾರರೇ ಇದನ್ನು ಸರಿಮಾಡಿಕೊಂಡರು. ಮೇನ್ ರಾಜ್ಯದ ಜನ 2017ರಲ್ಲಿ ಮೆಡಿಕೇಡ್ ವಿಸ್ತರಣೆಗೆ ನೇರವಾಗಿ ಮತ ಹಾಕಿದರು. ಗವರ್ನರ್ ಜಾರಿ ಮಾಡಲಿಲ್ಲ. 2019ರಲ್ಲಿ ಹೊಸ ಗವರ್ನರ್ ಬಂದ ಮೇಲೆ ಜಾರಿಯಾಯಿತು. ಮಿಸೌರಿಯಲ್ಲಿ ಜನ 2020ರಲ್ಲಿ ಒಪ್ಪಿದರೂ ಶಾಸಕರು ದುಡ್ಡು ಕೊಡಲಿಲ್ಲ. ಅಲ್ಲಿನ ಸುಪ್ರೀಂ ಕೋರ್ಟ್ ಮರುವರ್ಷ ಜನರ ಪರ ತೀರ್ಪು ಕೊಟ್ಟಿತು. ಟೆಕ್ಸಾಸ್‌ನಲ್ಲಿ ಜನರೇ ಸಹಿ ಸಂಗ್ರಹಿಸಿ ಇಂಥ ಮತದಾನ ನಡೆಸುವ ಅವಕಾಶ ಇಲ್ಲ. ಅಲ್ಲಿ ಶಾಸಕರೇ ತೀರ್ಮಾನಿಸಬೇಕು. ನಿಮ್ಮ ಮಗಳಿಗೆ ಅಲ್ಲಿ ಮತದ ಹಕ್ಕಿದ್ದರೆ, ಮುಂದಿನ ಸಲ ಮತ ಕೇಳಲು ಬಂದವರನ್ನು ಮೆಡಿಕೇಡ್ ಬಗ್ಗೆ ಕೇಳಲು ಹೇಳಿ, ಸರ್.